ಟೆಂಟ್‌ನಿಂದ ಥಿಯೇಟರ್‌ಗೆ: ಗುಬ್ಬಿ ಕಂಪನಿ ಬೆಳೆದ ಬಗೆ

ತಿಂಥಣಿ: ಜಾತ್ರೆಯಲ್ಲಿ ನಾಟಕದ ಟೆಂಟ್ ಎದ್ದರೆ ಈ ಕಡೆ ಜನ 'ಕಂಪನಿ ಬಂತು' ಅಂತಾರೆ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಸಂಬಳ, ಊಟ, ಲಾರಿ ಬಾಡಿಗೆ ಎಲ್ಲಾ ಟಿಕೆಟ್ ದುಡ್ಡಿನಲ್ಲೇ ನಡೀಬೇಕು.

ಈ ವ್ಯಾಪಾರದಲ್ಲಿ ದೊಡ್ಡದಾಗಿ ಬೆಳೆದದ್ದು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾಯ್ತು. ಬಾಲನಟನಾಗಿ ಸೇರಿದ ವೀರಣ್ಣ (1891–1972) ಮುಂದೆ ಅದರ ಮಾಲೀಕರಾದರು. 1934ರ 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಖರ್ಚಿನ ಲೆಕ್ಕದಲ್ಲಿ ಹುಚ್ಚಾಟ. ಆದರೆ ಅದಕ್ಕಿಂತ ದೊಡ್ಡ ಜಾಹೀರಾತು ಯಾವುದಿತ್ತು?

ಸಿನಿಮಾ ಬಂದು ನಾಟಕದ ಗಿರಾಕಿ ಕಿತ್ತಾಗ ವೀರಣ್ಣ ಅದರ ಜೊತೆ ಜಗಳ ತೆಗೀಲಿಲ್ಲ. ಬೆಂಗಳೂರಲ್ಲಿ ಸ್ವಂತ ಥಿಯೇಟರ್ ಮಾಡಿದರು, ಸಿನಿಮಾ ನಿರ್ಮಾಣಕ್ಕೂ ಇಳಿದರು. 1954ರ 'ಬೇಡರ ಕಣ್ಣಪ್ಪ' ಅವರ ಬ್ಯಾನರಿನದ್ದೇ. ನಾಯಕ ರಾಜ್‌ಕುಮಾರ್ ಪಳಗಿದ್ದೂ ಅದೇ ಕಂಪನಿಯಲ್ಲಿ.

ಬಾದಾಮಿಯ ಬನಶಂಕರಿ ಜಾತ್ರೆಯಂಥ ಕಡೆ ಇವತ್ತಿಗೂ ಸಾಲಾಗಿ ಟೆಂಟ್ ಬೀಳುತ್ತವೆ. ಆದರೆ ಜಾಗ ಬಾಡಿಗೆಯದ್ದು, ಜಾತ್ರೆ ನಿಂತರೆ ಗಲ್ಲಾನೂ ನಿಂತಂಗೆ. 2020ರ ಲಾಕ್‌ಡೌನ್‌ನಲ್ಲಿ ಆದದ್ದು ಅದೇ. ಕಲಾವಿದರು ಬಣ್ಣದ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋದರು. ಟೆಂಟ್ ಮುಂದಿನ ಚಾ, ಎಲೆ-ಅಡಿಕೆ ಅಂಗಡಿಯವರ ರಾತ್ರಿ ವ್ಯಾಪಾರವೂ ಅವರ ಹಿಂದೆಯೇ ಹೋಯ್ತು.