ಉಳುಕೇ ಇರಬೇಕು, ಬಿಡಿ!

ನಮ್ಮ ಅಜ್ಜಿ ಒಂದು ಮಳೆಗಾಲದಲ್ಲಿ ಹಿತ್ತಲಿನ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಕಾಲಿನ ಹರಡು ಊದಿಕೊಂಡಿತು. "ಉಳುಕೇ ಇರಬೇಕು ಬಿಡಿ" ಎಂದರು ಮನೆಯವರು. ಹುಣಸೆಹಣ್ಣು, ಉಪ್ಪು ಬಿಸಿ ಮಾಡಿ ಪಟ್ಟು ಹಾಕಿದರು, ಎಣ್ಣೆ ಹಚ್ಚಿ ನೀವಿದರು. ಮೂರನೆಯ ದಿನ ಅಜ್ಜಿ ಒಲೆಯ ಮುಂದೆ ನಿಂತಿದ್ದರು. ಅಂದು ಶುರುವಾದ ಕುಂಟು ಅವರು ತೀರಿಕೊಳ್ಳುವವರೆಗೂ ಹೋಗಲಿಲ್ಲ.

ಇದೆಲ್ಲ ನನಗೆ ನೆನಪಾದದ್ದು ಹೋದ ವರ್ಷ ಮುಂಬಯಿಯ ಮಳೆಯಲ್ಲಿ, ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ ನನ್ನ ಕಾಲು ಹೊರಳಿದಾಗ. ನಾನೂ ಅದೇ ಮಾತು ಹೇಳಿದೆ: "ಉಳುಕೇ ಇರಬೇಕು." ನಡೆಯಲು ಬರುತ್ತಿತ್ತಲ್ಲ! ಎರಡು ದಿನ ಅಡುಗೆ, ಆಫೀಸು ಎಲ್ಲ ನಡೆಯಿತು. ಮೂರನೆಯ ದಿನ ಮಗಳು ಹಟ ಹಿಡಿದು ಡಾಕ್ಟರ ಬಳಿ ಕರೆದೊಯ್ದಳು. ಅವರು ನಾಲ್ಕು ಹೆಜ್ಜೆ ನಡೆಸಿದರು, ನಡೆದೆ. ಆಮೇಲೆ ಪಾದದ ಹೊರ ಅಂಚಿನ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರು, ಕೂಗಿಬಿಟ್ಟೆ. ಎಕ್ಸ್‌ರೇಯಲ್ಲಿ ಕಂಡದ್ದು ಕಿರುಬೆರಳಿನ ಹಿಂದಿನ ಉದ್ದ ಮೂಳೆಯ ಬುಡದಲ್ಲಿ ಒಂದು ಮುರಿತ.

ಕಾಲು ಎತ್ತಿಟ್ಟುಕೊಂಡು ಕೂತ ಆರು ವಾರಗಳಲ್ಲಿ ಪಾದದ ಚಿಕಿತ್ಸೆಯ ಚರಿತ್ರೆಯನ್ನು ಓದಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಈ ಚರಿತ್ರೆಯಲ್ಲಿ ನನಗೆ ಮೊದಲು ಸಿಕ್ಕವಳು ಒಬ್ಬ ಹೆಣ್ಣುಮಗಳು. 2000ರಲ್ಲಿ ಈಜಿಪ್ಟಿನ ಲಕ್ಸರ್ ಬಳಿಯ ಗೋರಿಯೊಂದರಲ್ಲಿ ಪುರೋಹಿತನೊಬ್ಬನ ಮಗಳ ಮಮ್ಮಿ ಸಿಕ್ಕಿತು. ಅವಳ ಹೆಸರು ತಬಕೆತೆನ್‌ಮುತ್. ಅವಳ ಬಲಗಾಲಿನ ಹೆಬ್ಬೆರಳು ಇರಲಿಲ್ಲ. ಆ ಜಾಗದಲ್ಲಿ ಮರ ಮತ್ತು ಚರ್ಮದಿಂದ ಮಾಡಿದ ಕೃತಕ ಬೆರಳಿತ್ತು. ಕಾಲ ಸುಮಾರು ಕ್ರಿ.ಪೂ. 950ರಿಂದ 710ರ ನಡುವೆ. ಬೆರಳು ತೆಗೆದ ಜಾಗದ ಗಾಯ ಪೂರ್ತಿ ಮಾಗಿತ್ತು. ಅಂದರೆ ಅವಳು ಅದನ್ನು ಧರಿಸಿ ಬಾಳಿದ್ದಳು. 2017ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಆ ಬೆರಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಅದನ್ನು ಅವಳ ಪಾದಕ್ಕೆ ಒಪ್ಪುವಂತೆ ಹಲವು ಸಲ ತಿದ್ದಿದ್ದು ಗೊತ್ತಾಯಿತು. ಒಬ್ಬ ಹೆಂಗಸಿನ ಒಂದು ಬೆರಳಿಗಾಗಿ ಯಾರೋ ಮತ್ತೆ ಮತ್ತೆ ಕುಳಿತು ಕೆಲಸ ಮಾಡಿದ್ದರು!

ಇನ್ನು ನಮ್ಮ ಸುಶ್ರುತ. ಸುಮಾರು ಎರಡು ಸಾವಿರ ವರ್ಷ ಹಳೆಯದಾದ ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತಕ್ಕೆ ಹನ್ನೆರಡು ಬಗೆ, ಕೀಲು ತಪ್ಪುವುದಕ್ಕೆ ಆರು ಬಗೆ ಹೇಳಿದೆ. ದೇಹದ 107 ಮರ್ಮಗಳಲ್ಲಿ ಹರಡಿನದು 'ಗುಲ್ಫ'. ಅಲ್ಲಿ ಪೆಟ್ಟಾದರೆ ನೋವು, ಕಾಲು ಸೆಡೆತುಕೊಳ್ಳುವುದು ಅಥವಾ ಕುಂಟುತನ ಬರುತ್ತದೆ ಎನ್ನುತ್ತದೆ ಗ್ರಂಥ. ಅದನ್ನು ಓದಿದಾಗ ಅಜ್ಜಿಯ ನಡಿಗೆ ಕಣ್ಣ ಮುಂದೆ ಬಂತು.

ಬೆರಳಿನ ಚಿಕಿತ್ಸೆಯೂ ಅಲ್ಲಿದೆ. ಉಗುರಿನ ಸಂದು ಜಜ್ಜಿ ರಕ್ತ ಕಟ್ಟಿಕೊಂಡರೆ ಚೂಪಾದ ಉಪಕರಣದಿಂದ ಚುಚ್ಚಿ ರಕ್ತ ಹೊರಬಿಟ್ಟು, ಅಕ್ಕಿ ಹಿಟ್ಟಿನ ಲೇಪ ಹಚ್ಚಬೇಕು. ಉಗುರಿನಡಿ ಕಪ್ಪಾಗಿ ಸಿಡಿಯುವ ನೋವಿದ್ದರೆ ಇಂದಿನ ವೈದ್ಯರೂ ಉಗುರಿಗೆ ಸಣ್ಣ ರಂಧ್ರ ಮಾಡಿ ರಕ್ತ ತೆಗೆಯುತ್ತಾರೆ. (ಮನೆಯಲ್ಲಿ ಸೂಜಿ ಹಿಡಿಯಬೇಡಿ!) ಪಾದತಲ ಮುರಿದರೆ ತುಪ್ಪ ಸವರಿ, ದಬ್ಬೆ ಕೊಟ್ಟು, ಬಟ್ಟೆ ಸುತ್ತಿ, ಶ್ರಮ ಮಾಡಬಾರದು. ದಬ್ಬೆಗೆ ಅತ್ತಿ, ಅರಳಿ, ಆಲ, ಮತ್ತಿ ಮರಗಳ ತೊಗಟೆ, ಬಿದಿರು. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಊತ, ನೋವು, ಕೀವು. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ನೋಡಬೇಕು. ಈ 'ಬಿಚ್ಚಿ ನೋಡಬೇಕು' ಎಂಬುದೇ ದೊಡ್ಡ ಮಾತು.

ಪಶ್ಚಿಮದ ಕಥೆಯಲ್ಲಿ ಒಂದು ತಮಾಷೆಯೂ ಇದೆ. 1756ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡರು. ಅಲುಗಾಡಿದರೆ ಗಾಯ ಹೆಚ್ಚುತ್ತದೆಂದು ಅವರಿಗೆ ಗೊತ್ತಿತ್ತು. ಛಳಿಯಲ್ಲಿ ರಸ್ತೆಯಲ್ಲೇ ಮಲಗಿದ್ದು, ಒಂದು ಬಾಗಿಲನ್ನು ಕೊಂಡು ತರಿಸಿ, ಅದಕ್ಕೆ ಗಳ ಹೊಡೆಸಿ, ಅದರ ಮೇಲೆ ಮನೆಗೆ ಹೊರಿಸಿಕೊಂಡು ಹೋದರು! ಕಾಲು ಉಳಿಯಿತು. ಮುಂದೆ ಮುರಿತಗಳ ಬಗ್ಗೆ ಪುಸ್ತಕ ಬರೆದರು. ಹರಡಿನ ಒಂದು ಬಗೆಯ ಮುರಿತಕ್ಕೆ ಇಂದಿಗೂ ಅವರ ಹೆಸರಿದೆ. ಅದು ಅವರು ಬಿದ್ದದ್ದರಿಂದಲ್ಲ, ಬರೆದದ್ದರಿಂದ ಬಂದದ್ದು.

ಸುಮಾರು ನೂರು ವರ್ಷಗಳ ಬಳಿಕ, 1852ರಲ್ಲಿ, ಡಚ್ ಸೇನಾ ವೈದ್ಯ ಆಂಟೋನಿಯಸ್ ಮಾಥೈಸೆನ್ ಬಟ್ಟೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಉಜ್ಜಿ, ಒದ್ದೆ ಮಾಡಿ ಸುತ್ತುವ ವಿಧಾನವನ್ನು ಪ್ರಕಟಿಸಿದರು. 1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದು, ತಮ್ಮ ಹೆಂಡತಿ ಬರ್ತಾಳ ಕೈಯ ಚಿತ್ರ ತೆಗೆದರು. ಬೆರಳಿನ ಮೂಳೆಯ ಮೇಲೆ ಉಂಗುರ ಎದ್ದು ಕಾಣುವ ಚಿತ್ರ ಅದು. ಅಲ್ಲಿಯವರೆಗೆ ಉಳುಕೋ ಮುರಿತವೋ ಎಂಬುದನ್ನು ಕೈ ಮುಟ್ಟಿಯೇ ಊಹಿಸಬೇಕಿತ್ತು.

ಆದರೆ ಎಕ್ಸ್‌ರೇ ಬಂದಮೇಲೆ ಇನ್ನೊಂದು ತೊಂದರೆ. ಕಾಲು ಹೊರಳಿದವರಿಗೆಲ್ಲ ಚಿತ್ರ ತೆಗೆಯತೊಡಗಿದರು. ಬಹುಪಾಲು ಜನರಲ್ಲಿ ಮುರಿತವೇ ಇರುತ್ತಿರಲಿಲ್ಲ. 1992ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಡಾ. ಇಯಾನ್ ಸ್ಟೀಲ್ ಮತ್ತು ಸಂಗಡಿಗರು ಸರಳ ನಿಯಮಗಳನ್ನು ರೂಪಿಸಿದರು. ಹರಡಿನ ಸುತ್ತ ನೋವಿದ್ದು, ಒಳ ಅಥವಾ ಹೊರ ಗಂಟಿನ ತುದಿಯನ್ನೋ ಅದರ ಹಿಂಬದಿಯ ಅಂಚನ್ನೋ ಒತ್ತಿದಾಗ ಮೂಳೆ ನೊಂದರೆ ಎಕ್ಸ್‌ರೇ ಬೇಕು. ಪಾದದ ನಡುಭಾಗದಲ್ಲಿ ನೋವಿದ್ದು, ಒಳಬದಿಯ ದೋಣಿಯಾಕಾರದ ಮೂಳೆಯೋ ಹೊರ ಅಂಚಿನ ಮೂಳೆಯ ಬುಡವೋ ಒತ್ತಿದಾಗ ನೊಂದರೂ ಬೇಕು. ಬಿದ್ದ ಕೂಡಲೇ ಮತ್ತು ಡಾಕ್ಟರ ಮುಂದೆ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಬೇಕು. ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಸಾಕು. ನಾನು ನಡೆದಿದ್ದೆ, ಆದರೂ ಮುರಿದಿತ್ತು. 'ನಡೆಯಲು ಬಂದರೆ ಉಳುಕು' ಎಂಬ ನಮ್ಮ ಮನೆಮಾತು ತಪ್ಪು ಎಂದು ನನಗೆ ಗೊತ್ತಾದದ್ದು ಹೀಗೆ.

ಉಳುಕೇ ಆಗಿದ್ದರೆ? 1978ರಲ್ಲಿ ಅಮೆರಿಕದ ಡಾ. ಗೇಬ್ ಮರ್ಕಿನ್ 'ರೈಸ್' ಎಂಬ ಸೂತ್ರ ಕೊಟ್ಟರು: ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು. (ಸುಶ್ರುತನ ಅಕ್ಕಿಗೂ ಈ ರೈಸಿಗೂ ಸಂಬಂಧವಿಲ್ಲ!) ಮುಂದೆ ಅವರೇ, ಮಂಜುಗಡ್ಡೆಯಿಂದಲೂ ಪೂರ್ಣ ವಿಶ್ರಾಂತಿಯಿಂದಲೂ ಗುಣವಾಗುವುದು ತಡವಾಗಬಹುದೆಂದು ತಮ್ಮ ಮಾತನ್ನು ತಿದ್ದಿಕೊಂಡರು. ಈಗಿನ ಸಲಹೆ: ಮೊದಲ ಕೆಲವು ದಿನ ಕಾಲಿಗೆ ರಕ್ಷಣೆ, ನೋವಿಗೆ ಬೇಕಾದರೆ ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಆಮೇಲೆ ನೋವು ತಾಳುವಷ್ಟು ಚಲನೆ, ಒಂಟಿಕಾಲಿನಲ್ಲಿ ನಿಲ್ಲುವ ಅಭ್ಯಾಸ. ಊದಿದ ಹೊಸ ಉಳುಕನ್ನು ಮಾತ್ರ ನೀವಬೇಡಿ.

ಕಿರುಬೆರಳು ಮಂಚದ ಕಾಲಿಗೆ ಬಡಿದು ಬಿರುಕು ಬಿಟ್ಟರೆ, ಅದು ನೇರವಾಗಿದ್ದರೆ, ನಡುವೆ ಹತ್ತಿ ಇಟ್ಟು ಪಕ್ಕದ ಬೆರಳಿಗೆ ಸೇರಿಸಿ ಪಟ್ಟಿ ಸುತ್ತುವುದು ಸಾಮಾನ್ಯ ಚಿಕಿತ್ಸೆ. ಹೆಬ್ಬೆರಳಾದರೆ ಡಾಕ್ಟರಿಗೆ ತೋರಿಸಿ. ನಡೆಯುವಾಗ ನೆಲವನ್ನು ತಳ್ಳುವುದು ಅದೇ. ಬೆರಳು ಸೊಟ್ಟಗಾದರೆ, ತಣ್ಣಗಾಗಿ ನೀಲಿಯಾದರೆ, ತೆರೆದ ಗಾಯವಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಒಂದು ದಿನವೂ ಕಾಯಬೇಡಿ. ಮತ್ತೊಂದು ಮಾತು, ಗೆಳತಿಯರೇ: ಪೆಟ್ಟಾದ ಕೂಡಲೇ ಕಾಲುಂಗುರ ತೆಗೆಯಿರಿ. ಊದಿದ ಮೇಲೆ ಅದು ಬೆರಳಿಗೆ ಉರುಳಾಗುತ್ತದೆ. ಶಾಸ್ತ್ರಕ್ಕೇನೂ ಭಂಗವಿಲ್ಲ, ವಾಸಿಯಾದ ಮೇಲೆ ಮತ್ತೆ ತೊಡಬಹುದು.

ನಮ್ಮ ಮುಂಬಯಿಯ ನರ್ತಕಿ ಸುಧಾ ಚಂದ್ರನ್ ಅವರ ಕಥೆ ಎಲ್ಲರಿಗೂ ಗೊತ್ತು. 1981ರ ಅಪಘಾತದ ಬಳಿಕ ಅವರ ಬಲ ಹರಡಿನಲ್ಲಿ ಗ್ಯಾಂಗ್ರೀನ್ ಆಗಿ ಕಾಲನ್ನು ತೆಗೆಯಬೇಕಾಯಿತು. ಜೈಪುರ ಕಾಲು ಧರಿಸಿ ಅವರು ಮತ್ತೆ ಕುಣಿದರು. ಅವರ ಛಲಕ್ಕೆ ಕೈಮುಗಿಯೋಣ, ಜೊತೆಗೆ ಹರಡಿನ ಗಾಯ ಎಷ್ಟು ದೂರ ಹೋಗಬಲ್ಲದು ಎಂಬುದನ್ನೂ ನೆನಪಿಡೋಣ.

ಮನೆಯಲ್ಲಿ ಮಗುವೋ ಗಂಡನೋ ಕುಂಟಿದರೆ ಅಂದೇ ಡಾಕ್ಟರ ಬಳಿ ಓಡುತ್ತೇವೆ. ನಮ್ಮ ಕಾಲಿಗೆ ಮಾತ್ರ 'ಉಳುಕೇ ಇರಬೇಕು ಬಿಡಿ.' ಅಜ್ಜಿಯ ಹರಡನ್ನು ಯಾರೂ ಬಿಚ್ಚಿ ನೋಡಲಿಲ್ಲ. ನೋಡಿ ಎಂದು ಅವರೂ ಕೇಳಲಿಲ್ಲ. ನನ್ನ ಪುಣ್ಯ, ನನಗೆ ಹಟಮಾರಿ ಮಗಳಿದ್ದಳು. ಮುಂದಿನ ಸಲ ಕಾಲು ಹೊರಳಿದಾಗ ನಿಮಗೆ ನೀವೇ ಆ ಮಗಳಾಗಿ.