ಎಳ್ಳಮಾಸೆಯ ಚರಗ

ಮಾರ್ಗಶಿರ ಮಾಸದ ಅಮಾವಾಸ್ಯೆಯಂದು ಬೆಳಗಿನ ಹೊತ್ತು ಕಲಬುರಗಿಯಿಂದ ಮಹಾಗಾಂವ ದಾಟಿ ಕಮಲಾಪುರಕ್ಕೆ ಹೋಗುವ ಹಾದಿಯನ್ನು ತಾವು ನೋಡಬೇಕು. ಸುಮಾರು 35 ಕಿಲೋಮೀಟರಿನ ಈ ಹಾದಿಯಲ್ಲಿ ಹಿಂದೆ ಎತ್ತಿನ ಬಂಡಿಗಳ ಸಾಲು. ಈಗ ಟ್ರ್ಯಾಕ್ಟರು, ಮೋಟಾರು ಸೈಕಲ್ಲು. ಅಂದಿಗೂ ಇಂದಿಗೂ ಬದಲಾಗದ್ದು ಬುತ್ತಿಯ ಗಂಟು.

ಎಳ್ಳಮಾಸೆಯನ್ನು ಸುಗ್ಗಿಯ ಹಬ್ಬವೆನ್ನುವ ರೂಢಿಯುಂಟು. ಆದರೆ ಹಿಂಗಾರಿಯ ರಾಶಿ ಆಗ ಇನ್ನೂ ಕಣ ಕಂಡಿರುವುದಿಲ್ಲ. ತೊಗರಿ ಕೊಯ್ಲಿಗೆ ಬರುತ್ತಿರುತ್ತದೆ, ಬಿಳಿಜೋಳ ಹಸಿರಾಗಿ ನಿಂತಿರುತ್ತದೆ, ಕಡಲೆ ಎಳೆಗಾಯಿ. ಬೆಳೆ ಕೈಸೇರುವುದೋ ಇಲ್ಲವೋ ತಿಳಿಯುವ ಮೊದಲೇ ಭೂಮಿಗೆ ಅದರ ಪಾಲನ್ನು ಕೊಟ್ಟುಬಿಡುವುದು ಈ ಹಬ್ಬದ ವಿಶೇಷ. 2022ರಲ್ಲಿ ನೆಟೆ ರೋಗ ಬಡಿದು ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಆ ವರ್ಷವೂ ಹೊಲಗಳಲ್ಲಿ ಚರಗ ಬಿತ್ತು.

ಪೂಜೆಗೆ ಗುಡಿಯೂ ಬೇಡ, ಪುರೋಹಿತರೂ ಬೇಡ. ಹೊಲದಲ್ಲೇ ಆಯ್ದ ಐದು ಕಲ್ಲುಗಳು ಪಾಂಡವರಾಗುತ್ತವೆ. ಅವಕ್ಕೆ ಸುಣ್ಣ ಹಚ್ಚಿ, ಬೆಳೆಯ ನಡುವೆ ಇಟ್ಟು ನೈವೇದ್ಯ ಮಾಡುತ್ತಾರೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಎಲ್ಲವೂ ಉಂಟು. ಆದರೆ ಅಂದಿನ ರಾಜ ಭಜ್ಜಿಯೇ! ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತೆ, ಬದನೆ ಹೀಗೆ ಆ ಕಾಲಕ್ಕೆ ಸಿಕ್ಕುವ ಕಾಯಿಪಲ್ಲೆಯೆಲ್ಲ ಒಂದೇ ಗಡಿಗೆಯಲ್ಲಿ ಬೇಯುತ್ತದೆ. ಇವುಗಳನ್ನೆಲ್ಲ ಕಲಸಿ ಒಬ್ಬರು ಹೊಲದ ಸುತ್ತ ಚೆಲ್ಲುತ್ತ ಕೂಗಿದರೆ, ಹಿಂದೆ ನೀರು ಚಿಮುಕಿಸುತ್ತ ಬರುವವರು ದನಿಗೂಡಿಸುತ್ತಾರೆ. ಇದೇ ಚರಗ.

ಈ ಸೀಮೆಯನ್ನು ನಿಜಾಮರು ಆಳುತ್ತಿದ್ದಾಗ ಸರಕಾರದ ವರ್ಷವೂ ಬೆಳೆಯ ಹೆಸರಿನದೇ ಆಗಿತ್ತು: ಫಸಲಿ. ಕಂದಾಯದ ದಫ್ತರಗಳಲ್ಲೆಲ್ಲ ಆ ಲೆಕ್ಕವೇ. ಫಸಲಿಯ ಪಾಲಿಗೆ ಅಳತೆಯಿತ್ತು, ರಸೀದಿಯಿತ್ತು; ಚರಗಕ್ಕೆ ಎರಡೂ ಇಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಹೈದರಾಬಾದು ರಾಜ್ಯ ಮೂರು ಪಾಲಾಗಿ, ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದಿತು. ನೆರೆಯ ಲಾತೂರು ಸೀಮೆ ಮುಂಬಯಿ ರಾಜ್ಯಕ್ಕೆ ಹೋಯಿತು. ಹಬ್ಬ ಮಾತ್ರ ಪಾಲಾಗಲಿಲ್ಲ. ಲಾತೂರಿನ ಮರಾಠಿ ರೈತರು ಇದೇ ಅಮಾವಾಸ್ಯೆಗೆ ಹೊಲಕ್ಕೆ ಹೋಗುತ್ತಾರೆ, ಭಜ್ಜಿ ಅಂಬಲಿ ಉಣ್ಣುತ್ತಾರೆ, ಪಾಂಡವರನ್ನೇ ಪೂಜಿಸುತ್ತಾರೆ. ಅವರು ಅದಕ್ಕೆ ‘ಯೆಳವಸ’ ಎನ್ನುತ್ತಾರೆ. ನಮ್ಮ ಎಳ್ಳಮಾಸೆಯೇ ಅದರೊಳಗೆ ಕುಳಿತಿರುವುದನ್ನು ಗುರುತಿಸಲು ಭಾಷಾಪಂಡಿತರೇ ಆಗಬೇಕಿಲ್ಲ.

ದೂರದ ಐಸ್‌ಲೆಂಡಿನಲ್ಲಿ 1972ರಲ್ಲಿ ಒಂದು ಸಂಘ ಕಟ್ಟಿಕೊಂಡ ಆಸಾತ್ರು ಪಂಥದವರು, ಕ್ರೈಸ್ತಮತಕ್ಕಿಂತ ಹಳೆಯ ದೇವತೆಗಳಿಗೆ ಬಯಲಿನಲ್ಲಿ ನೈವೇದ್ಯ ಕೊಟ್ಟು ಕೂಡಿ ಉಣ್ಣುತ್ತಾರೆ. ಶತಮಾನಗಳ ಹಿಂದೆ ಕಡಿದ ಎಳೆಯನ್ನು ಅವರು ಗ್ರಂಥ ನೋಡಿ ಕೂಡಿಸಬೇಕಾಯಿತು. ಇಲ್ಲಿಯವರಿಗೆ ಗ್ರಂಥದ ಹಂಗಿಲ್ಲ, ಅಜ್ಜಿಯರಿದ್ದಾರೆ. ಆದರೆ ಹೊಲವೇ ಇಲ್ಲದಿದ್ದರೆ? ಕಲಬುರಗಿಯ ಅಂಚಿನ ಎಷ್ಟೋ ಹೊಲಗಳಲ್ಲಿ ಈಗ ನಿವೇಶನದ ಕಲ್ಲುಗಳು ನಿಂತಿವೆ. ಅವು ಐದೇ ಅಲ್ಲ.

ಹೊಲವಿಲ್ಲದವರನ್ನು, ಬೇರೆ ಮತದ ಗೆಳೆಯರನ್ನು, ಬದುವಿನಾಚೆಯವರನ್ನು ಊಟಕ್ಕೆ ಕರೆಯುವುದು ಈ ಹಬ್ಬದ ಹಳೆಯ ರೂಢಿ. ತಮಗೂ ಕರೆ ಬಂದಿದ್ದರೆ ಬರಿಗೈಯಲ್ಲಿ ಹೋಗಲು ಸಂಕೋಚ ಬೇಡ. ಮಧ್ಯಾಹ್ನದೊಳಗೆ ತಲುಪಿದರಾಯಿತು, ಚರಗ ಚೆಲ್ಲುವ ತನಕ ಯಾರೂ ಉಣ್ಣಲು ಕೂಡುವುದಿಲ್ಲ.