ಪತ್ರಿಕೆ, ರುಜು, ಹೊಣೆ: ವಿದ್ವತ್ಪ್ರಕಟಣೆಯ ನೀತಿಯ ಚರಿತ್ರೆಯಿಂದ ಕೆಲವು ಪುಟಗಳು

ಹೆಬ್ಬಾಳದಿಂದ ಯಲಹಂಕಕ್ಕೆ ಬರುವ ಬಳ್ಳಾರಿ ರಸ್ತೆಯ ಮಗ್ಗುಲಲ್ಲಿ, ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಈ ಕೇಂದ್ರದ ಪ್ರೊ. ಸಿ.ಎನ್.ಆರ್. ರಾವ್ ಅವರೂ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರೂ ಸೇರಿ 2011ರಲ್ಲಿ 'ಅಡ್ವಾನ್ಸ್ಡ್ ಮೆಟೀರಿಯಲ್ಸ್' ಎಂಬ ಪತ್ರಿಕೆಯಲ್ಲಿ ಗ್ರಾಫೀನ್ ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ಅದರಲ್ಲಿ ಬೇರೆಯವರ ಲೇಖನದ ಕೆಲವು ವಾಕ್ಯಗಳು ಮೂಲದ ಉಲ್ಲೇಖವಿಲ್ಲದೆ ಯಥಾವತ್ತಾಗಿ ಸೇರಿದ್ದವು. ಅದೇ ವರ್ಷದ ಕೊನೆಗೆ ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೋರಿದರು. ವಿವಾದವು ಪ್ರಯೋಗದ ಫಲಿತಾಂಶಗಳನ್ನು ಕುರಿತದ್ದಾಗಿರಲಿಲ್ಲ. ಲೇಖನವನ್ನು ಹಿಂತೆಗೆದುಕೊಳ್ಳಲೂ ಇಲ್ಲ. ಆ ವಾಕ್ಯಗಳು ವಿದ್ಯಾರ್ಥಿಯ ಕೈಯಿಂದ ಬಂದವು ಎಂಬ ವಿವರಣೆ ಹೊರಬಿದ್ದಾಗ, 2012ರ ಆರಂಭದಲ್ಲಿ, ದಿನಪತ್ರಿಕೆಗಳಲ್ಲಿ ನಿಜವಾದ ಚರ್ಚೆ ಎದ್ದಿತು. ಲೇಖನದ ತಲೆಯ ಮೇಲೆ ಹೆಸರು ಹಾಕಿಸಿಕೊಂಡವನು ಅದರ ಎಷ್ಟು ಭಾಗಕ್ಕೆ ಉತ್ತರವಾದಿ?

ಈ ಪ್ರಶ್ನೆಯನ್ನು ಪ್ರಯೋಗಶಾಲೆಗಳಿಗೆ ಬಿಟ್ಟುಕೊಟ್ಟು ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಾವು ಸುಮ್ಮನಿರಲಾಗದು. ಕನ್ನಡ ಸತ್ಯವೇದದಲ್ಲಿ ಪೌಲನ ಬರಹಗಳಿಗೂ ಪತ್ರಿಕೆಗಳೆಂದೇ ಹೆಸರು. ತನ್ನ ಹೆಸರಿನಲ್ಲಿ ಬೇರೆಯವರು ಪತ್ರ ಕಳುಹಿಸಿಯಾರೆಂಬ ಎಚ್ಚರ ಅಪೊಸ್ತಲನಿಗಿತ್ತೆಂಬುದು ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯ 2ನೆಯ ಅಧ್ಯಾಯದಿಂದ ತಿಳಿಯುತ್ತದೆ. ಅದೇ ಪತ್ರಿಕೆಯ ಕೊನೆಯಲ್ಲಿ ಸ್ವಹಸ್ತಾಕ್ಷರವೇ ತನ್ನ ಗುರುತೆಂದು ಅವನು ಸೂಚಿಸುತ್ತಾನೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಂತೂ (16:22) ಲಿಪಿಕಾರನಾದ ತೆರ್ತ್ಯನು ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಾನೆ. ಹೇಳಿದವನು ಯಾರು, ಬರೆದವನು ಯಾರು ಎಂಬುದು ಓದುಗನಿಗೆ ಮರೆಯಾಗಿಲ್ಲ.

ಹಾಗಿದ್ದರೂ ಸಭೆಯ ಸಂಪ್ರದಾಯದಲ್ಲಿ ಇನ್ನೊಂದು ದನಿಯಿದೆ. ಸಂತ ಅಗಸ್ಟೀನನು ಕ್ರೈಸ್ತ ಬೋಧನೆಯನ್ನು ಕುರಿತ ತನ್ನ ಗ್ರಂಥದ ನಾಲ್ಕನೆಯ ಭಾಗದ ಕೊನೆಯಲ್ಲಿ, ಚೆನ್ನಾಗಿ ನುಡಿಯಬಲ್ಲವನಾದರೂ ರಚಿಸಲಾರದ ಬೋಧಕನು ಇತರರ ಪ್ರಸಂಗವನ್ನು ಕಂಠಪಾಠ ಮಾಡಿ ಸಾರಬಹುದೆಂದು ಅನುಮತಿಸುತ್ತಾನೆ. ಯೆರೆಮೀಯನ 23ನೆಯ ಅಧ್ಯಾಯದಲ್ಲಿ ಖಂಡಿತರಾದ ವಾಕ್ಯಚೋರರ ನೆನಪು ಅವನಿಗಿಲ್ಲದಿಲ್ಲ. ದೇವರ ವಾಕ್ಯಕ್ಕೆ ವಿಧೇಯನಾದವನಿಗೆ ಅದು ಪರರ ಸೊತ್ತಲ್ಲ, ಅದಕ್ಕೆ ವಿರುದ್ಧವಾಗಿ ಬಾಳುತ್ತ ಅದನ್ನು ನುಡಿಯುವವನೇ ಕಳ್ಳನೆಂಬುದು ಅವನ ಉತ್ತರ. ನಮ್ಮ ಸೆಮಿನರಿಗಳಲ್ಲಿ ಕೃತಿಚೌರ್ಯದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಉತ್ತರವನ್ನು ಎತ್ತುವುದುಂಟು. ಆದರೆ ಅಗಸ್ಟೀನನ ಬೋಧಕನು ಸಭೆಯನ್ನು ಪೋಷಿಸಲು ಎರವಲು ಪಡೆದವನು. ಅದರಿಂದ ಅವನಿಗೆ ಪದವಿಯಾಗಲಿ ಬಡ್ತಿಯಾಗಲಿ ದೊರೆಯುವುದಿಲ್ಲ. ವಿದ್ವತ್ಪತ್ರಿಕೆಯ ಲೇಖನವು ಇದು ನನ್ನ ಶೋಧನೆಯೆಂಬ ಹಕ್ಕುಸಾಧನೆಯ ಮೇಲೆಯೇ ನಿಂತಿದೆ. ಆ ಹಕ್ಕು ಸುಳ್ಳಾದರೆ ಅಗಸ್ಟೀನನ ರಿಯಾಯಿತಿ ಅಲ್ಲಿಗೆ ಮುಟ್ಟಲಾರದು.

ಈ ಹಕ್ಕುಸಾಧನೆಗೆ ಕ್ರಮ ಹಾಕಿಕೊಟ್ಟವರಲ್ಲಿ ದೈವಶಾಸ್ತ್ರ ಓದಿದವರಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. 1665ರಲ್ಲಿ ಲಂಡನ್ನಿನ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯನ್ನು ಆರಂಭಿಸಿದ ಹೆನ್ರಿ ಓಲ್ಡನ್‌ಬರ್ಗ್ ಜರ್ಮನಿಯ ಬ್ರೆಮೆನ್ನಿನಲ್ಲಿ ದೈವಶಾಸ್ತ್ರದ ಪದವಿ ಪಡೆದಿದ್ದವನು. 1830ರ ದಶಕದ ಆರಂಭದಲ್ಲಿ ರಾಯಲ್ ಸೊಸೈಟಿಯಲ್ಲಿ ಬರಹಗಳಿಗೆ ಲಿಖಿತ ಪರಿಶೀಲನಾ ವರದಿ ಬೇಕೆಂದು ಒತ್ತಾಯಿಸಿದ ವಿಲಿಯಂ ವೀವೆಲ್ ಆಂಗ್ಲಿಕನ್ ಸಭೆಯ ದೀಕ್ಷಿತ ಗುರು. ಮೊದಲ ವರದಿಯಲ್ಲೇ ಅವನಿಗೂ ಸಹಪರಿಶೀಲಕನಾದ ಲಬ್ಬಕ್‌ನಿಗೂ ಭಿನ್ನಾಭಿಪ್ರಾಯವಾಯಿತು!

ನಮ್ಮ ನಾಡಿನ ಮಾದರಿಗಾಗಿ ನಾವು ಕಿಟ್ಟೆಲರ ನಿಘಂಟನ್ನು ತೆರೆಯುತ್ತೇವೆ. ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಭಾರತಕ್ಕೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟಗಳ ಆ ಗ್ರಂಥದಲ್ಲಿ ಅರ್ಥಗಳ ಪಕ್ಕದಲ್ಲಿ ಚಿಕ್ಕ ಸಂಕೇತಗಳಿವೆ: ಇದು ಶಬ್ದಮಣಿದರ್ಪಣದಿಂದ, ಇದು ಬಸವಪುರಾಣದಿಂದ, ಇದು ಜೈಮಿನಿ ಭಾರತದಿಂದ, ಇದು ಗಾದೆಯಿಂದ, ಇದು ಮೈಸೂರು ಸೀಮೆಯ ಬಳಕೆಯಿಂದ. ವ್ಯುತ್ಪತ್ತಿ ಸಂದಿಗ್ಧವಾದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಶಬ್ದಮಣಿದರ್ಪಣವನ್ನು 1872ರಲ್ಲಿ ಸ್ವತಃ ಸಂಪಾದಿಸಿ ಪ್ರಕಟಿಸಿದ್ದ ವಿದ್ವಾಂಸರು, ಅದರಿಂದ ಪಡೆದ ಪದಕ್ಕೂ ಅದರ ಋಣವನ್ನು ಗುರುತಿಸುತ್ತಾರೆ. ಆ ಪ್ರಶ್ನಾರ್ಥಕ ಚಿಹ್ನೆಗಳನ್ನು ಕಂಡಾಗ ನಮಗಾಗುವ ಗೌರವ ದೊಡ್ಡ ದೊಡ್ಡ ಪೀಠಿಕೆಗಳನ್ನು ಓದಿದಾಗಲೂ ಆಗುವುದಿಲ್ಲ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಪುಸ್ತಕದ ಮಾತಿಗೆ ಪುಸ್ತಕದ ಹೆಸರು ದೊರೆಯಿತು. ಬಾಯಿಮಾತಿಗೆ ದೊರೆತದ್ದು ಸೀಮೆಯ ಹೆಸರು ಮಾತ್ರ. ಮೈಸೂರು ಎಂಬ ಸಂಕೇತದ ಹಿಂದೆ ಎಷ್ಟು ಜನರ ನಾಲಗೆ ಇದೆಯೋ! ಮುಖಪುಟದ ಮೇಲಿರುವುದು ಒಂದೇ ಹೆಸರು. ಅಂದಿನ ರೂಢಿಗೆ ಅದು ಉನ್ನತವಾದ ಪ್ರಾಮಾಣಿಕತೆ; ಇಂದು ಹಳ್ಳಿಯ ಸಭೆಗಳಲ್ಲಿ ಹಿರಿಯರ ಬಾಯಿಂದ ಚರಿತ್ರೆ ಸಂಗ್ರಹಿಸುವ ಸಂಶೋಧನಾ ವಿದ್ಯಾರ್ಥಿಗೆ ಅಷ್ಟು ಸಾಲದು.

ನಮ್ಮ ಶಾಸ್ತ್ರದ ಒಳಗೇ ನಡೆದ ಇನ್ನೊಂದು ಪ್ರಸಂಗ ಇದಕ್ಕಿಂತ ನೋವಿನದು. ಪೀಟರ್ ಟಿ. ಓಬ್ರಿಯೆನ್ ಸಿಡ್ನಿಯ ಮೂರ್ ಕಾಲೇಜಿನ ಹೊಸ ಒಡಂಬಡಿಕೆಯ ಪಂಡಿತರು. ಅದಕ್ಕೆ ಮೊದಲು ಮಹಾರಾಷ್ಟ್ರದ ಯವತ್ಮಾಳದಲ್ಲಿದ್ದ ಯೂನಿಯನ್ ಬಿಬ್ಲಿಕಲ್ ಸೆಮಿನರಿಯಲ್ಲಿ ಬೋಧಿಸಿದವರು. ಅವರು ಫಿಲಿಪ್ಪಿಯವರಿಗೆ, ಎಫೆಸದವರಿಗೆ ಮತ್ತು ಇಬ್ರಿಯರಿಗೆ ಬರೆದ ಪತ್ರಿಕೆಗಳ ಮೇಲೆ ರಚಿಸಿದ ವ್ಯಾಖ್ಯಾನಗಳನ್ನು ಪ್ರಕಾಶಕರಾದ ಐರ್ಡ್‌ಮನ್ಸ್ ಸಂಸ್ಥೆಯವರು 2016ರ ಆಗಸ್ಟ್ ತಿಂಗಳಲ್ಲಿ ಮಾರಾಟದಿಂದ ಹಿಂತೆಗೆದರು. ಇತರ ವ್ಯಾಖ್ಯಾನಕಾರರ ಮಾತುಗಳು ಉಲ್ಲೇಖವಿಲ್ಲದೆ ಅವುಗಳಲ್ಲಿ ಸೇರಿದ್ದವು. ತಮ್ಮ ಕೆಲಸದ ಕ್ರಮದಿಂದಾಗಿ ಉದ್ದೇಶವಿಲ್ಲದೆ ಹೀಗಾಯಿತೆಂದು ಓಬ್ರಿಯೆನ್ ಕ್ಷಮೆ ಯಾಚಿಸಿದರು. ಈ ಮಾತನ್ನು ನಂಬಲು ನಮಗೆ ಅಡ್ಡಿಯಿಲ್ಲ. ಉದ್ಧರಣ ಚಿಹ್ನೆಯಿಲ್ಲದೆ ನೋಟ್‌ಬುಕ್ಕಿಗೆ ಇಳಿಸಿಕೊಂಡ ವಾಕ್ಯವು ಹತ್ತು ವರ್ಷದ ಮೇಲೆ, ನಮ್ಮದೇ ಕೈಬರಹದಲ್ಲಿ, ನಮ್ಮದೇ ಆಲೋಚನೆಯಂತೆ ಕಾಣುತ್ತದೆ. ಆದರೆ ಉದ್ದೇಶವಿಲ್ಲದ ಮಾತ್ರಕ್ಕೆ ಪುಸ್ತಕಗಳು ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ನ್ಯಾಯ ಅದೇ ಎಂಬುದು ನಮ್ಮ ಅಭಿಪ್ರಾಯ.

ಭಾರತದಲ್ಲಿ ಈ ವಿಷಯ ನಿಯಮದ ರೂಪ ತಾಳಿದ್ದು ಈಚೆಗೆ. ಬಡ್ತಿಗೂ ಪಿಎಚ್.ಡಿ.ಗೂ ಪ್ರಕಟಿತ ಲೇಖನಗಳನ್ನು ಎಣಿಸತೊಡಗಿದ ಮೇಲೆ, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡವು. ಬೆಂಗಳೂರಿನಿಂದ 1932ರಿಂದ ಪ್ರಕಟವಾಗುತ್ತಿರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ 2018ರಲ್ಲಿ ಬಂದ ಒಂದು ಅಧ್ಯಯನವು, ಯುಜಿಸಿ ಅಂಗೀಕೃತ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದವುಗಳಿಂದ ಆಯ್ದ 1,009 ಪತ್ರಿಕೆಗಳಲ್ಲಿ ಶೇ. 88ರಷ್ಟು ಕನಿಷ್ಠ ಮಾನದಂಡಗಳನ್ನೂ ಮುಟ್ಟಲಿಲ್ಲವೆಂದು ತೋರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ತೆಗೆಯಿತು. ಜುಲೈಯಲ್ಲಿ ಕೃತಿಚೌರ್ಯ ತಡೆಯ ನಿಯಮಾವಳಿ ಬಂತು. ಶೇ. 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲ, ಶೇ. 60 ಮೀರಿದರೆ ಪ್ರಬಂಧ ಸಲ್ಲಿಸಿದ ವಿದ್ಯಾರ್ಥಿಯ ನೋಂದಣಿಯೇ ರದ್ದು. 2019ರಲ್ಲಿ ಕೇರ್ ಪಟ್ಟಿ ಬಂದು, 2025ರ ಫೆಬ್ರವರಿಯಲ್ಲಿ ಅದೂ ನಿಂತಿತು. ಪತ್ರಿಕೆಯ ಯೋಗ್ಯತೆಯನ್ನು ತೂಗುವ ಹೊಣೆ ಮರಳಿ ಸಂಸ್ಥೆಗಳ ಮೇಲೆ ಬಿದ್ದಿದೆ.

ಈ ಶೇಕಡಾವಾರು ಲೆಕ್ಕ ಕನ್ನಡದಲ್ಲಿ ಬರೆಯುವ ನಮ್ಮನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಇಂಗ್ಲಿಷ್ ವ್ಯಾಖ್ಯಾನವೊಂದರ ನಾಲ್ಕು ಪುಟಗಳನ್ನು ಅಚ್ಚುಕಟ್ಟಾಗಿ ಕನ್ನಡಿಸಿ ತನ್ನ ಹೆಸರು ಹಾಕಿದರೆ, ಅಕ್ಷರಸಾಮ್ಯವನ್ನು ಹುಡುಕುವ ತಂತ್ರಾಂಶಕ್ಕೆ ಅಲ್ಲಿ ಹಿಡಿಯಲು ಏನೂ ಸಿಕ್ಕದು. ಅದನ್ನು ಕಾಣಬಲ್ಲವನು ಎರಡೂ ಪುಸ್ತಕಗಳನ್ನು ಓದಿದ ಪರಿಶೀಲಕನೊಬ್ಬನೇ. ಅಂಥ ಬರಹದಲ್ಲಿ ಅನುವಾದವೆಂದು ತೋರಿಸಿ, ಮೂಲ ಲೇಖಕನ ಹೆಸರಿನ ಕೆಳಗೆ ಕನ್ನಡಿಸಿದವನ ಹೆಸರನ್ನೂ ಮುದ್ರಿಸಿದರೆ ಅದೇ ನಾಲ್ಕು ಪುಟಗಳು ಸಭೆಗೆ ಉಪಕಾರವಾಗುತ್ತವೆ. ತೆರ್ತ್ಯನಿಗೆ ದೊರೆತ ಸ್ಥಳ ಅವನಿಗೂ ದೊರೆಯುತ್ತದೆ.